ಮಲೆನಾಡಿನ ಮನೆಯಲ್ಲೊಂದು ಹಾರರ್ ಗೇಮ್: ಆಡುವವರಿಗೆ ನಿಜವಾಗಿ ಭಯವಾಗುವಂತೆ ಕಟ್ಟುವುದು ಹೇಗೆ

ಕತ್ತಲೆ ಓಣಿ, ಮೂಲೆಯಿಂದ ಚಂಗನೆ ಹಾರಿ ಬರುವ ಮುಖ, ಜೊತೆಗೊಂದು ಕಿವಿ ಹರಿಯುವ ಕಿರುಚಾಟ. ಇಷ್ಟಿದ್ದರೆ ಯಾರಾದರೂ ಬೆಚ್ಚಿಬೀಳುತ್ತಾರೆ. ಹಠಾತ್ತನೆ ದೊಡ್ಡ ಸದ್ದಾದರೆ ಮೈ ತಾನಾಗಿ ಕುಪ್ಪಳಿಸುತ್ತದೆ, ಅದಕ್ಕೆ ಗೇಮ್ ಚೆನ್ನಾಗಿರಬೇಕೆಂದೇನೂ ಇಲ್ಲ. ಆದರೆ ಅದೇ ಪೆಟ್ಟು ನಾಲ್ಕನೇ ಸಲ ಬೀಳುವ ಹೊತ್ತಿಗೆ ಮೈ ಒಗ್ಗಿಹೋಗಿರುತ್ತದೆ. ಆಡುವವರು ಹೆಡ್‌ಫೋನ್ ಸದ್ದು ತಗ್ಗಿಸಿ ನಗತೊಡಗುತ್ತಾರೆ. ನಮಗೆ ಬೇಕಾದ ಭಯ ಬೇರೆ. ಮುಚ್ಚಿದ ಬಾಗಿಲ ಮುಂದೆ ನಿಂತವರು ಬಟನ್ ಮೇಲೆ ಬೆರಳಿಟ್ಟೂ ಒತ್ತಲಾರದೆ ಹಿಂದೆ ಮುಂದೆ ನೋಡಬೇಕು.

ಈ ಭಯ ಅರ್ಧ ತಿಳಿದಾಗ ಹುಟ್ಟುತ್ತದೆ. ಏನೂ ತಿಳಿಯದಿದ್ದರೆ ಬರೀ ಗೊಂದಲವಾಗುತ್ತದೆ, ಎಲ್ಲ ತಿಳಿದರೆ ಅದು ಲೆಕ್ಕಾಚಾರವಾಗುತ್ತದೆ. ಆದ್ದರಿಂದ ಪ್ರತಿ ಕ್ಷಣ ಕಣ್ಣಿಗೆಷ್ಟು ಕಾಣಬೇಕು, ಕಿವಿಗೆಷ್ಟು ಕೇಳಬೇಕು, ಇನ್ನೂ ಸ್ವಲ್ಪ ತಿಳಿಯಬೇಕೆಂದರೆ ಆಡುವವರು ಏನು ಬೆಲೆ ಕೊಡಬೇಕು ಎಂದು ನಿರ್ಧರಿಸುವುದೇ ಹಾರರ್ ಗೇಮ್ ಕಟ್ಟುವವರ ಮುಖ್ಯ ಕೆಲಸ. ಭೂತದ ಮಾಡೆಲ್ ಮಾಡುತ್ತಾ ಎರಡು ತಿಂಗಳು ಕಳೆಯುವವರು ಇದನ್ನು ಮರೆತಿರುತ್ತಾರೆ.

ಇಲ್ಲಿ ಉದಾಹರಣೆಗೆ ತೆಗೆದುಕೊಂಡಿರುವುದು ಒಬ್ಬರೋ ಇಬ್ಬರೋ ಸಾಧಾರಣ ಲ್ಯಾಪ್‌ಟಾಪಿನಲ್ಲಿ, ಉಚಿತವಾಗಿ ಸಿಗುವ ಗೊಡೋ 4 (ಗೇಮ್ ಕಟ್ಟುವ ಎಂಜಿನ್) ಮತ್ತು ಬ್ಲೆಂಡರ್ (3ಡಿ ಮಾಡೆಲ್ ಮಾಡುವ ತಂತ್ರಾಂಶ) ಇಟ್ಟುಕೊಂಡು ಮಾಡಿ ಮುಗಿಸಬಹುದಾದ ಗೇಮ್. ಆಟದ ಅವಧಿ ಸುಮಾರು 35 ನಿಮಿಷ. ಜಾಗ ತೀರ್ಥಹಳ್ಳಿ ಆಗುಂಬೆ ಕಡೆಯ ಒಂಟಿ ಮನೆ, ಅದರ ಹಿಂದೆ ಅಡಿಕೆ ತೋಟ, ಕಾಲ ಮಳೆಗಾಲ. ಆಡುವವರ ಪಾತ್ರ ಮನೆ ಕಾಯಲು ಒಬ್ಬಳೇ ಉಳಿದ ಹುಡುಗಿಯದು. ಅವಳನ್ನು ಹುಡುಕುವ ಜೀವಿಯನ್ನು ‘ಅದು’ ಎಂದೇ ಕರೆಯೋಣ.

ಮೊದಲು ಮನೆ

ನಕ್ಷೆ ಚಿಕ್ಕದಿರಲಿ. 1996ರ ರೆಸಿಡೆಂಟ್ ಈವಿಲ್ ಗೇಮ್ ಒಂದೇ ಬಂಗಲೆಯ ಕೋಣೆಗಳಿಗೆ ಮತ್ತೆ ಮತ್ತೆ ಕಳಿಸುತ್ತದೆ. 2014ರ ಪಿ.ಟಿ. ಎಂಬ ಡೆಮೊದಲ್ಲಂತೂ ಎಲ್ ಆಕಾರದ ಒಂದೇ ಓಣಿ, ಅದನ್ನೇ ಸುತ್ತಿ ಸುತ್ತಿ ಬರಬೇಕು. ಜಾಗ ಚೆನ್ನಾಗಿ ಪರಿಚಯವಾದ ಮೇಲೆ ಅಲ್ಲಿ ಬೆರಳಗಲದ ಬದಲಾವಣೆಯೂ ಕಣ್ಣಿಗೆ ಚುಚ್ಚುತ್ತದೆ. ಹೊಸ ಜಾಗದಲ್ಲಿ ಏನು ಬದಲಾಗಿದೆ ಎಂಬುದೇ ಗೊತ್ತಾಗುವುದಿಲ್ಲ.

ಜಗಲಿ, ನಡುಮನೆ, ಅಡುಗೆಮನೆ, ಹಿತ್ತಿಲ ಬಾಗಿಲು, ಬಚ್ಚಲು, ಕೊಟ್ಟಿಗೆ, ಅಂಗಳ, ಮತ್ತೆ ಜಗಲಿ: ಇದೊಂದು ಸುತ್ತು. ಪ್ರತಿ ಜಾಗಕ್ಕೂ ಎರಡು ದಾರಿ ಇರಲಿ. ಒಂದೇ ಬಾಗಿಲಿನ ಕೋಣೆ ಎರಡು ಮಾತ್ರ, ಉಗ್ರಾಣ ಮತ್ತು ಅಟ್ಟ. ಹೊಕ್ಕರೆ ಬಂದ ದಾರಿಯಲ್ಲೇ ವಾಪಸಾಗಬೇಕಾದ ಈ ಎರಡು ಜಾಗದಲ್ಲಿ ಅತ್ಯಗತ್ಯ ವಸ್ತುಗಳನ್ನು ಇಡಿ. ಎಲ್ಲ ಕೋಣೆಗಳನ್ನೂ ಹೀಗೆ ಬೋನಿನಂತೆ ಮಾಡಿದರೆ ಆಡುವವರು ಹೆದರುವುದಿಲ್ಲ, ರೋಸಿಹೋಗುತ್ತಾರೆ.

ಅಳತೆಗಳು: ಕಣ್ಣಿನ ಎತ್ತರ 1.55 ಮೀಟರ್, ನಡಿಗೆ ಸೆಕೆಂಡಿಗೆ 1.8 ಮೀಟರ್, ಓಟ 4 ಮೀಟರ್. ಗೊಡೋ ಕ್ಯಾಮೆರಾದ ನೋಟದ ಕೋನ ಮೊದಲಿಗೆ ಲಂಬವಾಗಿ 75 ಡಿಗ್ರಿ ಇರುತ್ತದೆ. 16:9 ಪರದೆಯಲ್ಲಿ ಅದು ಅಡ್ಡಲಾಗಿ ಸುಮಾರು 107 ಡಿಗ್ರಿ, ಅಂದರೆ ಎರಡೂ ಬದಿಯದು ಕಂಡುಬಿಡುತ್ತದೆ. 60ಕ್ಕೆ ಇಳಿಸಿ, ಅಡ್ಡಕ್ಕೆ 91 ಸಿಗುತ್ತದೆ. ಪಕ್ಕದಲ್ಲೇನಿದೆ ಎಂದು ತಿಳಿಯಲು ತಿರುಗಲೇಬೇಕು. 55ಕ್ಕಿಂತ ಕೆಳಗಿಳಿದರೆ ಕೆಲವರಿಗೆ ತಲೆ ಸುತ್ತುತ್ತದೆ, ಹಾಗಾಗಿ ಸೆಟ್ಟಿಂಗ್ಸ್‌ನಲ್ಲಿ ಬದಲಿಸುವ ಅವಕಾಶ ಕೊಡಿ.

ಹಳೆಯ ಮನೆಗಳ ಬಾಗಿಲು ಗಿಡ್ಡ, ತಲೆ ತಗ್ಗಿಸಿ ಹೊಸ್ತಿಲು ದಾಟಬೇಕು. ಇದನ್ನು ಬಿಡಬೇಡಿ. ಬಾಗಿಲ ಎತ್ತರ 1.6 ಮೀಟರ್ ಇಟ್ಟು, ದಾಟುವಾಗ ಕ್ಯಾಮೆರಾ 0.4 ಸೆಕೆಂಡು 15 ಸೆಂಟಿಮೀಟರ್ ಇಳಿದು ಸ್ವಲ್ಪ ನೆಲದ ಕಡೆ ಬಾಗಲಿ. ಕೋಣೆಯೊಳಗೆ ಏನಿದೆ ಎಂಬುದು ಕಾಲಿಟ್ಟ ಮೇಲೆಯೇ ಕಾಣುತ್ತದೆ. ಒಂದೂ ಭೂತವಿಲ್ಲದೆ, ಮನೆಯ ಪ್ರತಿ ಬಾಗಿಲೂ ಹೀಗೆ ನಿಮ್ಮ ಕೆಲಸ ಮಾಡಿಕೊಡುತ್ತದೆ.

ಮೊದಲ ಆರೇಳು ನಿಮಿಷ ಹಗಲು. ಬಚ್ಚಲೊಲೆಗೆ ಬೆಂಕಿ ಹಾಕುವುದು, ದನಕ್ಕೆ ಹುಲ್ಲು ಹಾಕುವುದು, ಅಟ್ಟದಿಂದ ಲಾಟೀನು ಇಳಿಸುವುದು, ಅಂಗಳದಾಚೆ ಹೋಗಿ ಉಣಗೋಲು (ಬೇಲಿಯ ದಾರಿಗೆ ಅಡ್ಡ ಹಾಕುವ ಗಳುಗಳು) ಸರಿಸಿ ಬರುವುದು. ಹೆದರಿಸುವಂಥದ್ದು ಏನೂ ಇರಬಾರದು, ಸೂಚನೆಗಳೂ ಕಡಿಮೆ ಇರಲಿ. ರಾತ್ರಿ ಕರೆಂಟ್ ಹೋದ ಮೇಲೆ ಇದೇ ಕೆಲಸಗಳನ್ನು ಇದೇ ದಾರಿಯಲ್ಲಿ ಮತ್ತೆ ಮಾಡಬೇಕು. ಹಗಲಿನ ಭಾಗ ಉದ್ದವಾಯಿತೆಂದು ಕತ್ತರಿಸುವ ಆಸೆ ಬರುತ್ತದೆ. ಕತ್ತರಿಸಿದರೆ ಮುಂದೆ ಹೇಳುವ ಯಾವ ಉಪಾಯವೂ ನಡೆಯುವುದಿಲ್ಲ, ಏಕೆಂದರೆ ಎಲ್ಲವೂ ಇಲ್ಲಿ ಕಲಿತದ್ದರ ಮೇಲೆ ನಿಂತಿವೆ.

ಮಳೆಗೆ ಕೊಡಬೇಕಾದ ಕೆಲಸ

1999ರ ಸೈಲೆಂಟ್ ಹಿಲ್ ಗೇಮಿನ ಮಂಜು ಪ್ರಸಿದ್ಧ. ಅಂದಿನ ಪ್ಲೇಸ್ಟೇಷನ್‌ಗೆ ದೂರದ ಬೀದಿಗಳನ್ನು ಚಿತ್ರಿಸುವ ಶಕ್ತಿ ಇರಲಿಲ್ಲ, ಆ ಕೊರತೆಯನ್ನು ಮಂಜು ಮುಚ್ಚಿತು. ಅದೇ ಮಂಜು ಭಯದ ಮೂಲವೂ ಆಯಿತು. ಮಲೆನಾಡಿನಲ್ಲಿ ಮಂಜೂ ಇದೆ, ಅದಕ್ಕಿಂತ ಒಳ್ಳೆಯದು ಮಳೆ. ಮಂಜು ಕಣ್ಣಿಗೆ ಮಾಡುವುದನ್ನು ಮಳೆ ಕಿವಿಗೆ ಮಾಡುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಆ ಕಡೆಯ ಹೆಂಚಿನ ಮನೆಯಲ್ಲಿ ಮಳೆ ಜೋರಾದಾಗ ಪಕ್ಕದಲ್ಲಿ ಕೂತವರ ಮಾತೇ ಕೇಳುವುದಿಲ್ಲ.

ಗೇಮಿನ ನಿಯಮ ಹೀಗಿರಲಿ. ಮಳೆ ತೆಳುವಾದಾಗ ‘ಅದರ’ ಹೆಜ್ಜೆ ಹುಡುಗಿಗೆ 15 ಮೀಟರ್ ದೂರದಿಂದಲೇ ಕೇಳುತ್ತದೆ, ಆದರೆ ಅವಳ ಹೆಜ್ಜೆಯೂ ಅದಕ್ಕೆ 12 ಮೀಟರ್‌ವರೆಗೆ ಕೇಳುತ್ತದೆ. ಮಳೆ ಜೋರಾದಾಗ ಇವು 5 ಮತ್ತು 4 ಮೀಟರಿಗೆ ಇಳಿಯುತ್ತವೆ. ಅಂಗಳ ದಾಟಿ ಓಡಲು ಜೋರು ಮಳೆ ಒಳ್ಳೆಯದು, ಅದೇ ಮಳೆಯಲ್ಲಿ ‘ಅದು’ ಬೆನ್ನ ಹಿಂದೆ ಬಂದರೂ ಗೊತ್ತಾಗುವುದಿಲ್ಲ. ಯಾವಾಗ ಹೊರಡಬೇಕೆಂದು ಆಡುವವರೇ ನಿರ್ಧರಿಸಬೇಕು. ಜೋರು ಮಳೆ 40ರಿಂದ 70 ಸೆಕೆಂಡು, ತೆಳು ಮಳೆ 90ರಿಂದ 150 ಸೆಕೆಂಡು ಇರಲಿ, ಬದಲಾಗುವಾಗ 6ರಿಂದ 8 ಸೆಕೆಂಡು ತೆಗೆದುಕೊಳ್ಳಲಿ. ಥಟ್ಟನೆ ಬದಲಾದರೆ ಯಾರೋ ಸ್ವಿಚ್ ಒತ್ತಿದಂತೆ ಅನಿಸುತ್ತದೆ. ಮಳೆ ಬರುವ ಮುಂಚೆ ತೋಟದ ಕಡೆಯಿಂದ ಎಲೆಗಳ ಮೇಲಿನ ಸದ್ದು ಹತ್ತಿರವಾಗುತ್ತಾ ಬರುವುದನ್ನು 4 ಸೆಕೆಂಡು ಮೊದಲೇ ಕೇಳಿಸಿ. ಮಲೆನಾಡಿನವರಿಗೆ ಅದು ಗೊತ್ತಿರುವ ಸದ್ದು, ಹೊರಗಿನವರು ಎರಡೇ ಸಲದಲ್ಲಿ ಕಲಿಯುತ್ತಾರೆ.

ಮಳೆಯ ಸದ್ದನ್ನು ಅಂತರ್ಜಾಲದಿಂದ ಇಳಿಸಿಕೊಳ್ಳುವ ಬದಲು ನೀವೇ ರೆಕಾರ್ಡ್ ಮಾಡಿ. ಹೆಂಚಿನ ಮೇಲೆ, ಕೊಟ್ಟಿಗೆಯ ತಗಡಿನ ಮೇಲೆ, ಅಡಿಕೆ ಸೋಗೆಯ ಮೇಲೆ, ಸೂರಿನಿಂದ ಅಂಗಳದ ಕಲ್ಲಿಗೆ, ಹೀಗೆ ನಾಲ್ಕು ಸದ್ದು ಬೇರೆ ಬೇರೆ ಬೇಕು. ಫೋನಿನಲ್ಲಿ ಮಾಡಿದರೆ ಸದ್ದಿನ ಮಟ್ಟವನ್ನು ಅದು ತಾನೇ ಏರಿಸಿ ಇಳಿಸುತ್ತದೆ, ಮಳೆಯನ್ನು ಬೇಡದ ಗದ್ದಲವೆಂದು ತಿಳಿದು ಅಳಿಸಲು ನೋಡುತ್ತದೆ, ಕೇಳಲು ನೀರೊಳಗಿನಿಂದ ಬಂದಂತಿರುತ್ತದೆ. ಕೈಯಲ್ಲಿ ಹಿಡಿಯುವ ಸಣ್ಣ ರೆಕಾರ್ಡರ್ ಸಾಕು. 48 ಕಿಲೋಹರ್ಟ್ಸ್, 24 ಬಿಟ್, ವೇವ್ ಫೈಲ್, ಅತಿ ಜೋರಿನ ಸದ್ದು ಮೈನಸ್ 12 ಡೆಸಿಬೆಲ್ ದಾಟದಂತೆ. ಮೈಕಿಗೆ ತುಪ್ಪಳದ ಗಾಳಿಗವಸು ಹಾಕಿ, ಸೂರಿನ ನೀರಿನಿಂದ ಒಂದೂವರೆ ಮೀಟರ್ ಒಳಗಿಡಿ. ಒಂದೊಂದೂ ಕನಿಷ್ಠ 4 ನಿಮಿಷ. ಲೂಪ್ ಮಾಡುವಾಗ ನಾಲ್ಕಕ್ಕೂ ಒಂದೇ ಉದ್ದ ಬೇಡ. 47, 61, 83, 101 ಸೆಕೆಂಡಿನ ತುಂಡುಗಳಾದರೆ ನಾಲ್ಕೂ ಒಟ್ಟಿಗೆ ಮೊದಲಿಗೆ ಬರುವುದು ಆಟ ಮುಗಿದರೂ ಆಗುವುದಿಲ್ಲ. ಒಂದೇ ಹನಿಯ ಟಪ್ ಸದ್ದು ನಿಮಿಷಕ್ಕೊಮ್ಮೆ ಮರಳಿದರೆ ಕಿವಿ ಅದನ್ನು ಹಿಡಿದುಬಿಡುತ್ತದೆ, ಆಮೇಲೆ ಮಳೆ ಮಳೆಯಾಗಿ ಉಳಿಯುವುದಿಲ್ಲ.

ಗೊಡೋದಲ್ಲಿ ಮಳೆ, ‘ಅದರ’ ಸದ್ದು, ಹುಡುಗಿಯ ಸದ್ದು, ಮಾತು ಇವಕ್ಕೆ ಬೇರೆ ಬೇರೆ ಆಡಿಯೋ ಬಸ್ (ಸದ್ದು ಹಾಯುವ ಕಾಲುವೆ) ಮಾಡಿ. ಗೋಡೆಯಾಚೆಯ ಸದ್ದು ಮಂದವಾಗುವ ವ್ಯವಸ್ಥೆ ಗೊಡೋದಲ್ಲಿ ಸಿದ್ಧವಾಗಿ ಸಿಗುವುದಿಲ್ಲ. ಹುಡುಗಿಯಿಂದ ಸದ್ದಿನ ಮೂಲಕ್ಕೆ ಸೆಕೆಂಡಿಗೆ ಐದಾರು ಸಲ ರೇಕಾಸ್ಟ್ (ಅಡ್ಡಿಯಿದೆಯೇ ಎಂದು ನೋಡುವ ಕಾಣದ ಗೆರೆ) ಬಿಡಿ, ನಡುವೆ ಗೋಡೆ ಸಿಕ್ಕರೆ 900 ಹರ್ಟ್ಸ್‌ಗಿಂತ ಮೇಲಿನದನ್ನು ಲೋಪಾಸ್ ಫಿಲ್ಟರಿನಿಂದ ಇಳಿಸಿ. ಜಂಬಿಟ್ಟಿಗೆ ಗೋಡೆ ದಪ್ಪ, ಇಷ್ಟು ಬೇಕು. ಮರದ ಬಾಗಿಲಿಗೆ 2,500 ಸಾಕು.

ಅಟ್ಟದ ಹೆಜ್ಜೆಯಲ್ಲಿ ಒಂದು ತೊಡಕಿದೆ. ಸಾಮಾನ್ಯ ಹೆಡ್‌ಫೋನಿನಲ್ಲಿ ಎಡ ಬಲ ತಿಳಿಯುತ್ತದೆ, ಮೇಲೆ ಕೆಳಗೆ ತಿಳಿಯುವುದಿಲ್ಲ. ಅಟ್ಟದಲ್ಲಿ ನಡೆದರೆ ಪಕ್ಕದ ಕೋಣೆಯಲ್ಲಿ ನಡೆದಂತೆಯೇ ಕೇಳುತ್ತದೆ. ಹಾಗಾಗಿ ಕಣ್ಣಿನ ಸಹಾಯ ಬೇಕು. ಪ್ರತಿ ಹೆಜ್ಜೆಗೂ ಹಲಗೆ ಸಂದಿಯಿಂದ ಸ್ವಲ್ಪ ಧೂಳು ಉದುರಲಿ, ತೂಗುಹಾಕಿದ ಲಾಟೀನು ಅಲುಗಲಿ.

ಜೀರುಂಡೆ

ಮಳೆ ನಿಂತ ಹೊತ್ತಿನ ತೋಟದಲ್ಲಿ ಜೀರುಂಡೆ, ಕಪ್ಪೆಗಳ ಸದ್ದಿಗೆ ಕೊನೆಯಿಲ್ಲ. ಹತ್ತಿರ ಯಾರಾದರೂ ಹೋದರೆ ಅಷ್ಟು ಜಾಗದವು ಮಾತ್ರ ಗಪ್ಪಾಗುತ್ತವೆ. ಈ ಗೇಮಿಗೆ ಇದಕ್ಕಿಂತ ಒಳ್ಳೆಯ ಎಚ್ಚರಿಕೆ ಗಂಟೆ ಇನ್ನೊಂದಿಲ್ಲ. ಸೈಲೆಂಟ್ ಹಿಲ್‌ನಲ್ಲಿ ರಾಕ್ಷಸ ಹತ್ತಿರ ಬಂದರೆ ರೇಡಿಯೋ ಗೊರಗುಡುತ್ತದೆ. ಇಲ್ಲಿ ಹತ್ತಿರ ಬಂದರೆ ಸದ್ದು ನಿಲ್ಲುತ್ತದೆ.

ಮಾಡುವ ಕ್ರಮ: ತೋಟದ ತುಂಬ ಒಂದೇ ಹಿನ್ನೆಲೆ ಸದ್ದು ಹಾಕಬೇಡಿ. 16ರಿಂದ 20 ಕಡೆ ಆಡಿಯೋ ಸ್ಟ್ರೀಮ್ ಪ್ಲೇಯರ್ 3ಡಿ (ಒಂದು ಬಿಂದುವಿನಿಂದ ಸದ್ದು ಬರುವಂತೆ ಮಾಡುವ ಗೊಡೋದ ನೋಡ್) ಇಡಿ, ಒಂದರಿಂದ ಒಂದಕ್ಕೆ 7 ಅಥವಾ 8 ಮೀಟರ್ ಅಂತರ. ಮೂರು ನಾಲ್ಕು ಬೇರೆ ರೆಕಾರ್ಡಿಂಗ್ ಹಂಚಿ, ಪ್ರತಿಯೊಂದನ್ನೂ ಬೇರೆ ಜಾಗದಿಂದ ಶುರುಮಾಡಿ, ಶ್ರುತಿಯನ್ನು 0.95ರಿಂದ 1.05ರೊಳಗೆ ಬದಲಿಸಿ. ‘ಅದು’ 9 ಮೀಟರ್ ಒಳಗೆ ಬಂದರೆ ಆ ಬಿಂದು 0.3 ಸೆಕೆಂಡಿನಲ್ಲಿ ನಿಲ್ಲಲಿ. ದೂರ ಹೋದ ಮೇಲೆ 8ರಿಂದ 15 ಸೆಕೆಂಡು ಬಿಟ್ಟು, ಒಂದೆರಡು ಸಲ ಚಿರ್ ಎಂದು ತಡವರಿಸಿ, ನಿಧಾನಕ್ಕೆ ಮತ್ತೆ ಶುರುವಾಗಲಿ. ಹುಡುಗಿಯ ಸುತ್ತಲಿನವೂ 4 ಮೀಟರ್ ಒಳಗೆ ನಿಲ್ಲಬೇಕು. ಇದು ಮುಖ್ಯ. ನಡೆಯುತ್ತಿರುವಾಗ ಯಾವ ಮೌನ ತನ್ನದು, ಯಾವುದು ಅದರದು ಎಂದು ಗೊತ್ತಾಗುವುದಿಲ್ಲ. ನಿಂತು ಕೇಳಿದರೆ ಗೊತ್ತಾಗುತ್ತದೆ, ಆದರೆ ಟಾರ್ಚ್ ಹಿಡಿದು ತೋಟದ ನಡುವೆ ಹತ್ತು ಸೆಕೆಂಡು ನಿಲ್ಲುವ ಧೈರ್ಯ ಬೇಕು. ಆ ಹತ್ತು ಸೆಕೆಂಡೇ ಆಡುವವರು ಕೊಡುವ ಬೆಲೆ.

ಇದನ್ನು ಎಲ್ಲೂ ಬರೆದು ತಿಳಿಸಬೇಡಿ. ಹಗಲು ಕಳೆದು ಮುಸ್ಸಂಜೆಯಾದಾಗ ದನವೊಂದು ತೋಟದಂಚಿನಲ್ಲಿ ಹಾದುಹೋಗುವಂತೆ ಮಾಡಿ. ದನ ನಡೆದಲ್ಲೆಲ್ಲ ಜೀರುಂಡೆ ನಿಲ್ಲುವುದನ್ನು ಕೇಳಿದವರು ತಾವೇ ಅರ್ಥಮಾಡಿಕೊಳ್ಳುತ್ತಾರೆ. ತಾನೇ ಕಂಡುಕೊಂಡ ನಿಯಮವನ್ನು ಯಾರೂ ಮರೆಯುವುದಿಲ್ಲ.

ಸುಳ್ಳು ಸದ್ದಿಗೆ ಅಡಿಕೆ ಹಾಳೆ ಇದೆ. ಒಣಗಿದ ಹಾಳೆ ಸೋಗೆ ಸಮೇತ ಮೇಲಿನಿಂದ ಬಿದ್ದರೆ ದೊಡ್ಡ ಸದ್ದೇ ಆಗುತ್ತದೆ. 50ರಿಂದ 120 ಸೆಕೆಂಡಿಗೊಮ್ಮೆ ಎಲ್ಲೋ ಒಂದು ಬೀಳಲಿ, ಆದರೆ ‘ಅದು’ ನಿಜವಾಗಿ ಎದುರಾದ ಮೇಲಿನ 20 ಸೆಕೆಂಡು ಬೇಡ. ಹೋಗಿ ನೋಡಿದರೆ ಹಾಳೆ ನೆಲದ ಮೇಲೆ ಬಿದ್ದಿರಲೇಬೇಕು. ಸದ್ದಿಗೆ ಕಾರಣವೇ ಸಿಗದಿದ್ದರೆ ಆಡುವವರು ಎರಡು ಮೂರು ಸಲಕ್ಕೆ ಕಿವಿಯನ್ನು ನಂಬುವುದು ಬಿಡುತ್ತಾರೆ, ನಂಬದವರನ್ನು ಹೆದರಿಸಲು ಆಗುವುದಿಲ್ಲ.

ತೋಟದ ಸಾಲು, ಟಾರ್ಚಿನ ಬೆಳಕು

ಅಡಿಕೆ ಮರಗಳ ನಡುವಿನ ಅಂತರ ಸಾಮಾನ್ಯವಾಗಿ 9 ಅಡಿ, ಅಂದರೆ 2.7 ಮೀಟರ್, ಉದ್ದಕ್ಕೂ ಅಡ್ಡಕ್ಕೂ. ಹೀಗೆ ಚೌಕವಾಗಿ ನೆಟ್ಟಾಗ ಸಾಲಿಗೆ ನೇರ ನಿಂತರೆ ದೂರದವರೆಗೆ ಕಾಣುತ್ತದೆ, ಒಂದು ಹೆಜ್ಜೆ ಪಕ್ಕಕ್ಕೆ ಸರಿದರೆ ಮರಗಳು ಒಂದರ ಮೇಲೊಂದು ಸೇರಿ ಗೋಡೆಯಾಗುತ್ತವೆ. ಸಾಲುಗಳನ್ನು ಅಡ್ಡ ಹಾಯುವಾಗ 1.8 ಮೀಟರ್ ವೇಗದಲ್ಲಿ ಒಂದೂವರೆ ಸೆಕೆಂಡಿಗೊಂದು ಸಾಲು ತೆರೆದು ಮುಚ್ಚುತ್ತದೆ. ‘ಅದನ್ನು’ ಯಾವುದೋ ಒಂದು ಸಾಲಿನ ನಾಲ್ಕನೇ ಮರದ ಬಳಿ ನಿಲ್ಲಿಸಿ, ಮಂಜನ್ನು 11 ಅಥವಾ 12 ಮೀಟರಿಗೆ ಇಡಿ. ಒಂದೇ ಹೆಜ್ಜೆಯಷ್ಟು ಹೊತ್ತು, ಮಂಜಿನ ಅಂಚಿನಲ್ಲಿ, ಏನೋ ಕಂಡಂತಾಗುತ್ತದೆ. ಹಿಂದೆ ಸರಿದು ನೋಡುವವರೂ ಇರುತ್ತಾರೆ. ಅವರಿಗೆ ಮರ ಮಾತ್ರ ಕಾಣಲಿ. ಮರಗಳಲ್ಲಿ ಮೂರಕ್ಕೊಂದರಂತೆ ಕಾಳುಮೆಣಸಿನ ಬಳ್ಳಿ ಹಬ್ಬಿಸಿದರೆ ಕಾಂಡ ಮನುಷ್ಯನಷ್ಟು ದಪ್ಪಗೆ ಕಾಣುತ್ತದೆ, ಕಣ್ಣಿನ ಅನುಮಾನಕ್ಕೆ ಕೊನೆಯೇ ಇರುವುದಿಲ್ಲ.

ಮರಗಳನ್ನು ಅಡ್ಡಾದಿಡ್ಡಿ ಹರಡಿದರೆ ಇದ್ಯಾವುದೂ ನಡೆಯುವುದಿಲ್ಲ. ಕಾಡಿಗೂ ತೋಟಕ್ಕೂ ಇರುವ ವ್ಯತ್ಯಾಸವೇ ಅದು.

ಪೂರ್ತಿ ಕಪ್ಪು ಪರದೆ ಬೇಡ. ಏನೂ ಕಾಣದಿದ್ದರೆ ಆಡುವವರು ಮಾನಿಟರಿನ ಬ್ರೈಟ್‌ನೆಸ್ ಏರಿಸುತ್ತಾರೆ, ನಿಮ್ಮ ಬೆಳಕಿನ ಕೆಲಸವೆಲ್ಲ ವ್ಯರ್ಥ. ಕಿಟಕಿ, ಬಾಗಿಲು, ಗಾಜಿನ ಹೆಂಚು ಇವುಗಳ ಹಿಂದೆ ಸ್ವಲ್ಪ ನೀಲಿ ಬೂದು ಇಟ್ಟು, ಒಳಗಿನ ಆಕಾರಗಳು ಅದರೆದುರು ಕಪ್ಪಾಗಿ ಕಾಣುವಂತೆ ಮಾಡಿ. ಟಾರ್ಚಿನ ಬೆಳಕಿನ ಪೂರ್ತಿ ಕೋನ 36 ಡಿಗ್ರಿ, ದೂರ 9 ಮೀಟರ್. ಮಂಜು 11ರಲ್ಲಿ, ಟಾರ್ಚ್ 9ರಲ್ಲಿ ಮುಗಿದರೆ ನಡುವಿನ ಎರಡು ಮೀಟರಿನಲ್ಲಿ ಆಕಾರ ಕಾಣುತ್ತದೆ, ವಿವರ ಕಾಣುವುದಿಲ್ಲ. ಕಡು ಬಣ್ಣಗಳಲ್ಲಿ ಪಟ್ಟೆ ಪಟ್ಟೆ ಬಂದರೆ ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನಲ್ಲಿ ಡಿಬ್ಯಾಂಡಿಂಗ್ (ಪಟ್ಟೆ ಮರೆಮಾಡುವ ಆಯ್ಕೆ) ಹಾಕಿ. ವಾಲ್ಯೂಮೆಟ್ರಿಕ್ ಮಂಜು (ಬೆಳಕು ಹಾಯುವ ದಟ್ಟ ಮಂಜು) ಗೊಡೋದ ಫಾರ್ವರ್ಡ್ ಪ್ಲಸ್ ಎಂಬ ಚಿತ್ರಣ ವಿಧಾನದಲ್ಲಿ ಮಾತ್ರ ಸಿಗುತ್ತದೆ, ಸಾಧಾರಣ ಲ್ಯಾಪ್‌ಟಾಪಿಗೆ ಅದು ಭಾರ. ಮಾಮೂಲಿ ಮಂಜೇ ಸಾಕು, ಚಿತ್ರ ತಡವರಿಸಿದರೆ ಭಯವೂ ಅಲ್ಲಿಗೇ ನಿಲ್ಲುತ್ತದೆ. ಮಿಂಚನ್ನು ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಸಲ ಹೊಳೆಸಬೇಡಿ, ಬೆಳಕಿನ ಮಿಡಿತದಿಂದ ಅಪಸ್ಮಾರ ಬರುವವರಿಗೆ ಅಪಾಯ.

ಬಾಗಿಲಲ್ಲಿ ಕರೆಯುವ ದನಿ

ರಾತ್ರಿ ಪರಿಚಿತರ ದನಿಯಲ್ಲಿ ಬಾಗಿಲು ತಟ್ಟಿ ಕರೆಯುವ ದೆವ್ವ, ಅದಕ್ಕೆ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುವ ಪರಿಹಾರ ಕರ್ನಾಟಕದಲ್ಲಿ ಎಲ್ಲರಿಗೂ ಗೊತ್ತು. ಆ ಕಥೆ ಅಷ್ಟು ಹಬ್ಬಲು ಕಾರಣ ಅದರ ಕಟ್ಟು. ಬಾಗಿಲು ತೆಗೆಯುವವರು ನಾವೇ, ತೆಗೆಯದಿದ್ದರೆ ಹೊರಗಿರುವುದು ನಿಜವಾಗಿಯೂ ನಮ್ಮವರೇ ಇರಬಹುದು. ಗೇಮಿನ ನಡುಭಾಗವನ್ನು ಇದೇ ಕಟ್ಟಿನ ಮೇಲೆ ನಿಲ್ಲಿಸಬಹುದು.

ಪಕ್ಕದ ಮನೆಯ ಚಿಕ್ಕಮ್ಮ ಹಗಲಲ್ಲಿ ಎರಡು ಸಲ ಬರುತ್ತಾಳೆ. ಎರಡೂ ಸಲ ಕೇಳುವ ಕ್ರಮ ಒಂದೇ: ಉಣಗೋಲು ಸರಿಯುವ ಸದ್ದು, ಅಂಗಳದ ಕಲ್ಲಿನ ಮೇಲೆ ಆರು ಹೆಜ್ಜೆ, ಆಮೇಲೆ ಕರೆ. ರಾತ್ರಿಯೂ ಬರುತ್ತಾಳೆ. “ಒಬ್ಳೇ ಇದೀಯೇನೇ? ಬಾಗಿಲು ತೆಗಿ ಮಾರಾಯ್ತಿ, ಪೂರ್ತಿ ನೆಂದುಹೋದೆ.” ಅವಳಿಗೆ ಬಾಗಿಲು ತೆಗೆದರೆ ಟಾರ್ಚಿಗೆ ಸೆಲ್ ಸಿಗುತ್ತದೆ, ಎರಡು ನಿಮಿಷ ಜೊತೆ ಸಿಗುತ್ತದೆ. ತೆಗೆಯದಿದ್ದರೆ ಬೈದುಕೊಂಡು ಹೋಗುತ್ತಾಳೆ, ಮತ್ತೆ ಬರುವುದಿಲ್ಲ. ‘ಅದು’ ಕರೆಯುವಾಗ ದನಿ ಅದೇ, ಮಾತೂ ಅದೇ, ಉಣಗೋಲಿನ ಸದ್ದು ಮಾತ್ರ ಇರುವುದಿಲ್ಲ. ತೆಳು ಮಳೆಯಲ್ಲಿ ಕಿವಿಗೊಟ್ಟವರಿಗೆ ಇದು ತಿಳಿಯುತ್ತದೆ. ಜೋರು ಮಳೆಯಲ್ಲಿ ಉಣಗೋಲು ಸರಿದರೂ ಕೇಳುವುದಿಲ್ಲ, ಸರಿಯದಿದ್ದರೂ ಅಷ್ಟೇ.

ಎರಡನೆಯ ಸುಳಿವು ರೆಕಾರ್ಡಿಂಗ್‌ನಲ್ಲಿದೆ. ಚಿಕ್ಕಮ್ಮನ ಮಾತನ್ನು ಐದಾರು ಸಲ ಹೇಳಿಸಿ, ಪ್ರತಿ ಸಲವೂ ಉಸಿರು, ಅವಸರ, ಸಿಟ್ಟು ಬೇರೆ ಇರಲಿ. ‘ಅದಕ್ಕೆ’ ಮಾತ್ರ ಯಾವಾಗಲೂ ಒಂದೇ ಫೈಲ್. ಮೂರನೇ ಸಲ ಕರೆಯುವಾಗಲೂ ಅದೇ ಏರಿಳಿತ, ಅದೇ ಜಾಗದಲ್ಲಿ ಅದೇ ಉಸಿರು. ದನಿಯನ್ನು ಯಂತ್ರದಲ್ಲಿ ಬಾಗಿಸಿ ಗೊಗ್ಗರು ಮಾಡಬೇಡಿ, ಮೊದಲ ಸಲಕ್ಕೇ ಗುಟ್ಟು ರಟ್ಟಾಗುತ್ತದೆ. ಹೇಳುವವರು ಆ ಕಡೆಯ ಮಾತು ಮನೆಯಲ್ಲಿ ಆಡುವವರೇ ಆಗಿರಲಿ. ಪುಸ್ತಕದ ಕನ್ನಡದಲ್ಲಿ ಕರೆದರೆ ಶಿವಮೊಗ್ಗದ ಯಾರೂ ಬಾಗಿಲು ತೆಗೆಯುವುದಿಲ್ಲ.

ಚೌಡಿ, ಜಟಕ, ಭೂತ ಇವನ್ನು ತಂದು ಶತ್ರುವನ್ನಾಗಿ ನಿಲ್ಲಿಸುವುದು ಬೇಡ. ಜನ ಇಂದಿಗೂ ನಡೆದುಕೊಳ್ಳುವ ದೈವಗಳವು, ಅವಕ್ಕೆ ಹೊಡೆದು ಬೀಳಿಸುವ ಆಟ ಕಟ್ಟುವುದು ಸರಿಯಲ್ಲ. ಆಟದ ದೃಷ್ಟಿಯಿಂದಲೂ ಲಾಭವಿಲ್ಲ, ಏಕೆಂದರೆ ಸಲ್ಲಬೇಕಾದ್ದನ್ನು ಸಲ್ಲಿಸಿದರೆ ಕಾಯುವ ದೈವವೆಂದು ಊರಿನವರು ಬಲ್ಲರು. ದೈವ ನೆಲೆಸಿದ ಮರಗಳ ಗುಂಪಾದ ಬನದ ಹತ್ತಿರ ‘ಅದು’ ಬರುವುದಿಲ್ಲ ಎಂಬ ನಿಯಮವಿಟ್ಟರೆ ಬನ ತೋಟದ ನಡುವಿನ ಏಕೈಕ ಆಸರೆಯಾಗುತ್ತದೆ. ಆ ನಿಯಮವನ್ನು ಕೊನೆಯವರೆಗೂ ಮುರಿಯಬೇಡಿ.

‘ಅದರ’ ಬುದ್ಧಿ

2014ರ ಏಲಿಯನ್ ಐಸೊಲೇಷನ್ ಗೇಮ್ ಇದಕ್ಕೆ ಒಳ್ಳೆಯ ಪಾಠ. ಅಲ್ಲಿ ಎರಡು ಪದರಗಳಿವೆ. ಮೇಲಿನ ಪದರಕ್ಕೆ ಆಡುವವರು ಎಲ್ಲಿದ್ದಾರೆಂದು ಸದಾ ಗೊತ್ತು, ಕೆಳಗಿನ ಜೀವಿಗೆ ಗೊತ್ತಿಲ್ಲ. ಮೇಲಿನದು ಆಗಾಗ ಸುಮಾರಾದ ಸುಳಿವು ಕೊಡುತ್ತದೆ, ಜೀವಿ ತನ್ನ ಕಣ್ಣು ಕಿವಿಯಿಂದಲೇ ಹುಡುಕಬೇಕು. ಆಡುವವರ ಮೇಲಿನ ಒತ್ತಡ ಹೆಚ್ಚಾದರೆ ಮೇಲಿನ ಪದರ ಜೀವಿಯನ್ನು ದೂರ ಕಳಿಸುತ್ತದೆ.

ಸಣ್ಣ ಗೇಮಿಗೆ ಇದರ ಸರಳ ರೂಪ ಸಾಕು. ಒತ್ತಡ ಎಂಬ ಒಂದು ಸಂಖ್ಯೆ, 0ಯಿಂದ 100. ‘ಅದು’ 10 ಮೀಟರ್ ಒಳಗಿದ್ದರೆ ಸೆಕೆಂಡಿಗೆ 3 ಏರಲಿ, ಕಣ್ಣಿಗೆ ಕಾಣುತ್ತಿದ್ದರೆ 8, ಎರಡೂ ಇಲ್ಲದಿದ್ದರೆ 2 ಇಳಿಯಲಿ. 80 ದಾಟಿದರೆ ಅದು ತೋಟದ ತುದಿಗೆ ಹೋಗಿ 60ರಿಂದ 90 ಸೆಕೆಂಡು ಅಲ್ಲೇ ಇರಲಿ. 20ಕ್ಕಿಂತ ಕೆಳಗೆ 40 ಸೆಕೆಂಡು ಉಳಿದರೆ ಮೇಲಿನ ಪದರ ಹುಡುಗಿ ಇರುವ ಕೋಣೆಯ ಪಕ್ಕದ ಕೋಣೆಯ ಹೆಸರನ್ನು ಅದಕ್ಕೆ ಹೇಳಲಿ. ಅವಳಿರುವ ಕೋಣೆಯನ್ನೇ ಹೇಳಿದರೆ ಮೋಸವೆಂದು ಆಡುವವರಿಗೆ ಬೇಗ ಗೊತ್ತಾಗುತ್ತದೆ. ಮಾಯವಾಗಿ ಇನ್ನೊಂದು ಕಡೆ ಮೂಡುವುದಂತೂ ಬೇಡವೇ ಬೇಡ, ಅದು ಕಾಲಿನಿಂದಲೇ ನಡೆದು ಬರಬೇಕು. ಜೀರುಂಡೆಯ ನಿಯಮಕ್ಕೆ ಅರ್ಥ ಬರುವುದು ಆಗಲೇ.

ಇಲ್ಲಿ ಬಹಳ ಮಂದಿ ಸಿಕ್ಕಿಹಾಕಿಕೊಳ್ಳುವ ಜಾಗ ಬಾಗಿಲು. ಹಳೆಯ ಮನೆಯ ಬಾಗಿಲನ್ನು ನಿಜದ ಅಳತೆಯಂತೆ 0.9 ಮೀಟರ್ ಅಗಲ ಮಾಡಿದರೆ ‘ಅದು’ ಹೊಸ್ತಿಲ ಹೊರಗೇ ನಿಂತುಬಿಡುತ್ತದೆ. ಗೊಡೋದ ನ್ಯಾವಿಗೇಷನ್ ಮೆಶ್‌ನಲ್ಲಿ (ಜೀವಿ ಎಲ್ಲೆಲ್ಲಿ ನಡೆಯಬಹುದೆಂಬ ನಕ್ಷೆ) ಏಜೆಂಟ್ ರೇಡಿಯಸ್, ಅಂದರೆ ಗೋಡೆಯಿಂದ ಬಿಡುವ ಅಂತರ, ಮೊದಲಿಗೆ 0.5 ಮೀಟರ್ ಇರುತ್ತದೆ, ಎರಡೂ ಬದಿಗೆ ಅಷ್ಟು ಬಿಟ್ಟರೆ ಬಾಗಿಲಲ್ಲಿ ದಾರಿಯೇ ಉಳಿಯುವುದಿಲ್ಲ. ಸೆಲ್ ಸೈಜ್ (ಆ ನಕ್ಷೆಯ ಚೌಕದ ಅಳತೆ) 0.1, ರೇಡಿಯಸ್ 0.3 ಮಾಡಿ, ಅದೇ ಸೆಲ್ ಸೈಜನ್ನು ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನಲ್ಲೂ ಹಾಕಿ ನಕ್ಷೆಯನ್ನು ಮತ್ತೆ ಬೇಕ್ ಮಾಡಿ, ಅಂದರೆ ಹೊಸದಾಗಿ ಲೆಕ್ಕ ಹಾಕಿಸಿ. ಬಾಗಿಲನ್ನು 1.1 ಮೀಟರಿಗೆ ಹಿಗ್ಗಿಸಿದರೂ ನೋಡುವವರಿಗೆ ಗೊತ್ತಾಗುವುದಿಲ್ಲ. ಬಾಗಿಲಿಗೆ ತಲೆ ತಾಗಿಸಿಕೊಂಡು ಅದು ಗಡಗಡ ಅಲುಗುವುದನ್ನು ಒಮ್ಮೆ ಕಂಡವರು ಆಮೇಲೆ ಹೆದರುವುದಿಲ್ಲ.

ಅಟ್ಟಿಸಿಕೊಂಡು ಬರುವುದು ಇಡೀ ಆಟದಲ್ಲಿ ಮೂರು ಸಲ ಸಾಕು, ಒಂದೊಂದೂ 20 ಸೆಕೆಂಡು ಮೀರದಂತೆ. ಅದರ ವೇಗ 3.8, ಹುಡುಗಿಯದು 4, ಆದರೆ ಬಾಗಿಲು ತೆಗೆಯಲು ಅವಳಿಗೆ ಅರ್ಧ ಸೆಕೆಂಡು ಬೇಕು.

ಸಾವು, ಸೇವ್, ಪರದೆಯ ಮೇಲಿನ ಅಕ್ಷರ

ಸಿಕ್ಕಿಬಿದ್ದರೆ ಕಳೆದುಕೊಳ್ಳುವುದು ಏನಾದರೂ ಇರಬೇಕು, ಆದರೆ ಅದು ಐದು ನಿಮಿಷದ ಆಟಕ್ಕಿಂತ ಹೆಚ್ಚಾಗಬಾರದು. ಅಂಗಳದ ತುಳಸಿಕಟ್ಟೆಯಲ್ಲಿ ದೀಪ ಹಚ್ಚಿದರೆ ಸೇವ್ ಆಗುವಂತೆ ಮಾಡಿ. ಹಚ್ಚಲು 5 ಸೆಕೆಂಡು, ಅಷ್ಟು ಹೊತ್ತು ಬಯಲಿನಲ್ಲಿ ಬೆನ್ನು ಹಾಕಿ ನಿಲ್ಲಬೇಕು. ಒಂದೇ ಜಾಗದಲ್ಲಿ ಮೂರು ಸಲ ಸತ್ತವರಿಗೆ ‘ಅದರ’ ಕಿವಿಯನ್ನು ಗುಟ್ಟಾಗಿ ಕಾಲು ಭಾಗ ಮಂದ ಮಾಡಿ. ನಾಲ್ಕನೇ ಸಾವಿನ ನಂತರ ಅವರಿಗೆ ಅದು ಬರೀ ಅಡ್ಡಿ.

ಪರದೆಯ ಮೇಲೆ ಜೀವದ ಪಟ್ಟಿ, ನಕ್ಷೆ, ಬಾಣದ ಗುರುತು ಬೇಡ. 2008ರ ಡೆಡ್ ಸ್ಪೇಸ್ ಗೇಮ್ ಜೀವದ ಮಟ್ಟವನ್ನು ಪಾತ್ರದ ಬೆನ್ನಮೇಲೇ ತೋರಿಸಿತು, ಸಾಮಾನು ತೆರೆದಾಗಲೂ ಆಟ ನಿಲ್ಲುವುದಿಲ್ಲ. ಇಲ್ಲಿಯೂ ಚೀಲ ಬಿಚ್ಚಿ ಸೆಲ್ ಬದಲಿಸುವಾಗ ಮಳೆ ಸುರಿಯುತ್ತಲೇ ಇರಬೇಕು.

ಕನ್ನಡ ಸಬ್‌ಟೈಟಲ್‌ಗೆ ನೋಟೊ ಸಾನ್ಸ್ ಕನ್ನಡ ಫಾಂಟ್, 1080ರ ಪರದೆಗೆ ಕನಿಷ್ಠ 30 ಪಿಕ್ಸೆಲ್. ಒಂದೊಂದೇ ಅಕ್ಷರ ಮೂಡುವ ಟೈಪ್‌ರೈಟರ್ ಪರಿಣಾಮ ಕನ್ನಡಕ್ಕೆ ಒಗ್ಗದು. ಒತ್ತು, ದೀರ್ಘ ಸೇರುವ ಮೊದಲು ಅರೆಬರೆ ಅಕ್ಷರ ಕಂಡು ಮಾಯವಾಗುತ್ತದೆ. ಪದ ಪದವಾಗಿ ಮೂಡಿಸಿ.

ಆಡಿಸಿ ನೋಡುವುದು

ಕಟ್ಟಿದವರಿಗೆ ತಮ್ಮ ಗೇಮಿನ ಭಯ ಎರಡನೇ ವಾರಕ್ಕೇ ಹೋಗಿರುತ್ತದೆ, ಬೇರೆಯವರಿಂದ ಆಡಿಸಲೇಬೇಕು. ಒಬ್ಬರು ಮೊದಲ ಸಲ ಆಡುವುದು ಒಮ್ಮೆ ಮಾತ್ರ. ಆದ್ದರಿಂದ ಎಂಟು ಜನ ಸಿಕ್ಕರೆ ಒಂದೇ ದಿನ ಎಲ್ಲರನ್ನೂ ಕೂರಿಸಬೇಡಿ. ಇಬ್ಬರು ಆಡಲಿ, ತಿದ್ದಿ, ಮತ್ತಿಬ್ಬರು. ಹೆಡ್‌ಫೋನ್, ಕತ್ತಲೆ ಕೋಣೆ, ಹಿಂದೆ ಕೂತ ನೀವು ಬಾಯಿ ಬಿಡಬಾರದು. ಅವರ ಅನುಮತಿ ಕೇಳಿ ಪರದೆಯನ್ನೂ ಮುಖವನ್ನೂ ರೆಕಾರ್ಡ್ ಮಾಡಿಕೊಳ್ಳಿ.

“ಭಯ ಆಯ್ತಾ?” ಎಂದು ಕೇಳಬೇಡಿ, ಸ್ನೇಹಿತರು ಹೂಂ ಎನ್ನುತ್ತಾರೆ. ಮನೆಯ ನಕ್ಷೆ ಕೈಗೆ ಕೊಟ್ಟು, ಹಿತ್ತಿಲ ಬಾಗಿಲು ತೆಗೆಯುವ ಮುಂಚೆ ‘ಅದು’ ಎಲ್ಲಿದೆ ಅಂದುಕೊಂಡಿದ್ದಿರಿ ಎಂದು ಗುರುತು ಹಾಕಿಸಿ. ಥಟ್ಟನೆ ಸರಿಯಾದ ಜಾಗಕ್ಕೆ ಗುರುತು ಹಾಕಿದರೆ ನೀವು ಹೆಚ್ಚು ತಿಳಿಸಿದ್ದೀರಿ, ಮಳೆಯನ್ನು ಎರಡು ಡೆಸಿಬೆಲ್ ಏರಿಸಿ. ಗೊತ್ತೇ ಇರಲಿಲ್ಲ ಎಂದರೆ ಕಡಿಮೆ ತಿಳಿಸಿದ್ದೀರಿ, ಹೆಜ್ಜೆ ಸದ್ದು ಹೆಚ್ಚಿಸಿ ಅಥವಾ ಜೀರುಂಡೆಯ ಬಿಂದುಗಳನ್ನು ಇನ್ನೂ ಒತ್ತೊತ್ತಾಗಿಡಿ. ಎರಡು ಜಾಗ ತೋರಿಸಿ “ಇಲ್ಲೋ ಅಲ್ಲೋ ಗೊತ್ತಾಗ್ಲಿಲ್ಲ” ಅಂದರೆ ಅದನ್ನು ಹಾಗೇ ಬಿಡಿ.

ರೆಕಾರ್ಡಿಂಗ್‌ನಲ್ಲಿ ನೋಡಬೇಕಾದ್ದು ಕಾಲು. ಬಾಗಿಲ ಮುಂದೆ ಎಷ್ಟು ಸೆಕೆಂಡು ನಿಂತರು, ಎಲ್ಲಿ ಓಟ ಬಿಟ್ಟು ನಡೆದರು, ಎಲ್ಲಿ ತಿರುಗಿ ನೋಡಿದರು. ಇವನ್ನು ಗೇಮೇ ಒಂದು ಫೈಲಿಗೆ ಬರೆದಿಡುವಂತೆ ಮಾಡಿದರೆ ಇನ್ನೂ ಒಳ್ಳೆಯದು, ಸೆಕೆಂಡಿಗೊಮ್ಮೆ ಜಾಗ ಮತ್ತು ವೇಗ ಸಾಕು. ಎಲ್ಲರೂ ಓಡಿಕೊಂಡೇ ದಾಟುವ ಕೋಣೆಯಲ್ಲಿ ತಿಳಿಯಬೇಕಾದ್ದು ಏನೂ ಇಲ್ಲವೆಂದು ಅರ್ಥ. ಯಾರೂ ಒಳಗೆ ಹೋಗದ ಕೋಣೆಯಲ್ಲಿ ಬೆಲೆ ಜಾಸ್ತಿಯಾಗಿದೆ, ಬಾಗಿಲ ಸಂದಿಯಿಂದ ಒಳಗಿನ ವಸ್ತು ಅರ್ಧ ಕಾಣುವಂತೆ ಸರಿಸಿಡಿ. ಒಂದು ಸುತ್ತಿಗೆ ಒಂದನ್ನೇ ಬದಲಿಸಿ. ಮಳೆ, ಟಾರ್ಚ್, ವೇಗ ಮೂರನ್ನೂ ಒಟ್ಟಿಗೆ ಮುಟ್ಟಿದರೆ ಯಾವುದರಿಂದ ಏನಾಯಿತೆಂದು ಮುಂದಿನ ಇಬ್ಬರು ಆಡಿದ ಮೇಲೂ ತಿಳಿಯುವುದಿಲ್ಲ.